ಪಡಸಾಲೆಯ ಕೆಳಗಿನ ಹಗೇವು

ಅವ್ವನ ಫೋನು ಬಂದಾಗ ನಾನು ಖಾಪರಖೇಡಾದ ಕ್ವಾರ್ಟರ್ಸಿನಲ್ಲಿ ರಾತ್ರಿ ಪಾಳಿಗೆ ಹೊರಡಲು ಬೂಟು ಹಾಕಿಕೊಳ್ಳುತ್ತಿದ್ದೆ. 2019ರ ಮಳೆಗಾಲದ ಕೊನೆಯ ದಿನಗಳು. "ಪಡಸಾಲ್ಯಾಗ ಕಂಬದ ಬಾಜೂಕ ನೆಲಾ ಕುಂತೈತಿ" ಎಂದಳು. ಎಷ್ಟು ಕುಂತಿದೆ ಎಂದು ಕೇಳಿದೆ. "ಒಂದು ಕೊಡಾ ಇಡೋವಷ್ಟು." ಹಳೆಯ ಮನೆ, ಮಣ್ಣಿನ ನೆಲ, ಈ ವರ್ಷ ಮಳೆ ಜಾಸ್ತಿ, ಗೌಂಡಿಯನ್ನು ಕರೆದು ನಾಲ್ಕು ಬುಟ್ಟಿ ಗೊರಚು ಹಾಕಿಸಿ ಬಡಿಸು ಎಂದು ಹೇಳಿ ಇಟ್ಟುಬಿಟ್ಟೆ. ಮೂರು ದಿನ ಬಿಟ್ಟು ಮತ್ತೆ ಫೋನು. "ಈಗ ಕೊಡಾ ಅಲ್ಲೋ, ಎಮ್ಮಿಕರಾ ಹಿಡಸ್ತೈತಿ."

ನಮ್ಮ ಊರು ನರಗುಂದ, ಗದಗ ಜಿಲ್ಲೆ. ನಾನು ಇರುವುದು ನಾಗಪುರದ ಉತ್ತರಕ್ಕೆ, ವಿದ್ಯುತ್ ಸ್ಥಾವರದ ಚಿಮಣಿಗಳ ಕೆಳಗೆ. 1340 ಮೆಗಾವಾಟಿನ ಸ್ಥಾವರ. ನನ್ನ ಕೆಲಸ ಬೂದಿಯದು. ಕಲ್ಲಿದ್ದಲು ಸುಟ್ಟ ಮೇಲೆ ಉಳಿಯುವ ಬೂದಿಯನ್ನು ಸೈಲೋಗಳಿಗೆ ತುಂಬಿಸುವುದು, ಅಲ್ಲಿಂದ ಸಾಗಿಸುವುದು. ಸುತ್ತಮುತ್ತ ಸಿಲೇವಾಡಾ, ವಲ್ನಿ ಎಂದು ನೆಲದಡಿಯ ಕಲ್ಲಿದ್ದಲು ಗಣಿಗಳಿವೆ. ನೆಲದ ಕೆಳಗೆ ಖಾಲಿ ಜಾಗ ಬಿಟ್ಟರೆ ಮೇಲೆ ಏನಾಗುತ್ತದೆ ಎಂಬುದು ಇಲ್ಲಿ ಚಹಾ ಮಾರುವವನಿಗೂ ಗೊತ್ತು. ಕಲ್ಲಿದ್ದಲು ತೆಗೆದ ಜಾಗಕ್ಕೆ ನೀರಿನ ಜೊತೆ ಮರಳು ಬಿಟ್ಟು ತುಂಬಿಸುವ ಪದ್ಧತಿ ಗಣಿಗಾರಿಕೆಯಲ್ಲಿ ಹಳೆಯದು, ಈಗೀಗ ಬೂದಿಯನ್ನೂ ತುಂಬುತ್ತಾರೆ. ಇಷ್ಟೆಲ್ಲ ತಿಳಿದವನಿಗೆ ತನ್ನ ಮನೆಯ ಕೆಳಗೇ ಖಾಲಿ ಇದೆ ಎಂಬುದು ಮರೆತುಹೋಗಿತ್ತು. ಎರಡನೆಯ ಫೋನಿನ ನಂತರ ನೆನಪಾಯಿತು. ಹಗೇವು.

ಬೆಂಗಳೂರು ಕಡೆಯ ಓದುಗರಿಗೆ ಹಗೇವು ಎಂದರೆ ಏನು ಎಂದು ಹೇಳಬೇಕಾಗುತ್ತದೆ. ಅದಕ್ಕೆ ಮೊದಲು ಮನೆ.

ನಮ್ಮದು ವಾಡೆಯಲ್ಲ. ದೇಸಾಯರ ಮನೆಯೂ ಅಲ್ಲ. ಆ ಭಾಗದ ನಡುಮಟ್ಟದ ಒಕ್ಕಲಿನವರು ಕಟ್ಟಿಕೊಳ್ಳುತ್ತಿದ್ದಂಥ ಮಾಳಿಗೆ ಮನೆ. ಎಷ್ಟು ಹಳೆಯದು ಎಂಬುದಕ್ಕೆ ಕಾಗದವಿಲ್ಲ, ತೊಲೆಯ ಮೇಲೆ ಇಸವಿ ಕೆತ್ತಿಲ್ಲ. ಅಜ್ಜಿಯ ಲೆಕ್ಕ ಬೇರೆ ಥರ ಇತ್ತು: ಪ್ಲೇಗು ಬಂದಾಗ ಈ ಮನೆಗೆ ಬೀಗ ಹಾಕಿ ಎಲ್ಲರೂ ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದರಂತೆ. ಹಾಗಾದರೆ ಪ್ಲೇಗಿಗಿಂತ ಹಿಂದಿನದು ಎಂದು ನಾವೂ ಅಷ್ಟಕ್ಕೇ ಬಿಟ್ಟಿದ್ದೇವೆ.

ಬೀದಿಗೆ ಕಿಟಕಿ ಇಲ್ಲ. ಎರಡೂವರೆ ಅಡಿ ದಪ್ಪದ ಕಲ್ಲು-ಮಣ್ಣಿನ ಗೋಡೆ, ಒಂದು ಹೆಬ್ಬಾಗಿಲು, ಬಾಗಿಲಿನ ಎರಡೂ ಬದಿಗೆ ಕಟ್ಟೆ. ಒಳಗೆ ಕಾಲಿಟ್ಟರೆ ಮೊದಲು ಸಿಗುವುದು ಮನುಷ್ಯರಲ್ಲ, ದನಗಳು. ಬಾಗಿಲಿನ ಮಟ್ಟದಲ್ಲೇ ದನ ಕಟ್ಟುವ ಜಾಗ, ಗೋಡೆಗೆ ಗ್ವಾದಲಿ. ಅಲ್ಲಿಂದ ಎರಡು ಮೆಟ್ಟಿಲು ಹತ್ತಿದರೆ ಪಡಸಾಲೆ. ಸಾಗವಾನಿಯ ಆರು ಕಂಬ, ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತಿ. ಪಡಸಾಲೆಯ ಹಿಂದೆ ಅಡಿಗೆಮನೆ, ದೇವರ ಜಗಲಿ, ಬಚ್ಚಲು, ಹಿತ್ತಲು. ಎಮ್ಮೆಯ ಉಸಿರು, ಸಗಣಿ, ಒಲೆಯ ಹೊಗೆ, ಮಲಗಿದ ಮನುಷ್ಯರು ಎಲ್ಲ ಒಂದೇ ಮಾಳಿಗೆಯ ಕೆಳಗೆ. ನನ್ನ ಹೆಂಡತಿ ಮೊದಲ ಸಲ ಬಂದಾಗ ರಾತ್ರಿ ಎಮ್ಮೆ ಸೀನಿದ್ದಕ್ಕೆ ಬೆಚ್ಚಿ ಎದ್ದು ಕುಳಿತಿದ್ದಳು.

ಬೆಳಕು ಬರುವುದು ಮೇಲಿನಿಂದ. ಮಾಳಿಗೆಯಲ್ಲಿ ಅಲ್ಲಲ್ಲಿ ಬೆಳಕಿಂಡಿ, ಮಳೆ ಬಂದರೆ ಯಾರಾದರೂ ಹುಡುಗರು ಮೇಲೆ ಓಡಿ ಅದರ ಮೇಲೆ ಮುಚ್ಚಳ ಎಳೆಯಬೇಕು. ಮಾಳಿಗೆ ಪೂರ್ತಿ ಮಣ್ಣು. ಜಂತಿಯ ಮೇಲೆ ಕಟ್ಟಿಗೆಯ ಸೀಳು ಹಾಸಿ, ಬೇವಿನ ಸೊಪ್ಪು ಹರಡಿ, ಅದರ ಮೇಲೆ ಗೇಣುಗಟ್ಟಲೆ ಮಣ್ಣು ಹಾಕಿ ತುಳಿದದ್ದು. ಎಲ್ಲಕ್ಕಿಂತ ಮೇಲೆ ಕರಲು ಮಣ್ಣು. ಬೆಳೆ ಬಾರದ ಆ ಸವಳು ಮಣ್ಣಿಗೆ ನೀರನ್ನು ಕೆಳಗೆ ಬಿಡದ ಗುಣವಿದೆ. ಮೊದಲ ಮಳೆಗೆ ಉಬ್ಬಿ ಬಿರುಕುಗಳನ್ನೆಲ್ಲ ತಾನೇ ಮುಚ್ಚಿಕೊಳ್ಳುತ್ತದೆ. ಪ್ರತಿವರ್ಷ ರೋಹಿಣಿ ಮಳೆಗೆ ಮೊದಲು ಚಕ್ಕಡಿಯಲ್ಲಿ ಕರಲು ತಂದು ಮಾಳಿಗೆಗೆ ಏರಿಸುವುದು ಮನೆಯ ವಾರ್ಷಿಕ ಕೆಲಸ. ಒಂದು ವರ್ಷ ತಪ್ಪಿದರೆ ಮಾಳಿಗೆ ಸೋರುತ್ತದೆ, ಎರಡು ವರ್ಷ ತಪ್ಪಿದರೆ ಜಂತಿ ಕೊಳೆಯುತ್ತದೆ. ಸುಧಾರಣೆಯ ಹೆಸರಿನಲ್ಲಿ ಹತ್ತು ವರ್ಷದ ಹಿಂದೆ ನಾನೇ ಅದರ ಮೇಲೆ ಪ್ಲಾಸ್ಟಿಕ್ ತಾಡಪಾಲು ಹೊದಿಸಿದ್ದೆ. ಅದರ ಕೆಳಗೆ ತೇವ ಕೂತು ಎರಡು ಜಂತಿ ಹೋದವು. ಅವ್ವ ಏನೂ ಅನ್ನಲಿಲ್ಲ, ತಾಡಪಾಲು ತೆಗೆದು ಕುಳ್ಳಿನ ರಾಶಿಗೆ ಹೊದಿಸಿದಳು.

ಈಗ ಹಗೇವು. ನೆಲದಲ್ಲಿ ತೋಡಿದ ಕಾಳಿನ ಕೊಠಡಿ. ಮೇಲೆ ಒಬ್ಬ ಮನುಷ್ಯ ಇಳಿಯುವಷ್ಟೇ ಬಾಯಿ, ಕೆಳಗೆ ಹೋದಂತೆ ಗಡಿಗೆಯ ಹಾಗೆ ಅಗಲ, ಒಂದೂವರೆ ಆಳು, ಎರಡು ಆಳು ಆಳ. ಎರೆ ಹೊಲದಲ್ಲಿ ಇದನ್ನು ತೋಡಲಾಗದು. ಎರೆ ಮಣ್ಣು ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಯಲ್ಲಿ ಹಿಗ್ಗುತ್ತದೆ. ಗಟ್ಟಿ ಗೊರಚು ಬೇಕು. ನರಗುಂದ ಗುಡ್ಡದ ಬುಡದಲ್ಲಿ ಕೂತ ಊರು, ಗೊರಚಿಗೆ ಕೊರತೆಯಿಲ್ಲ. ಹಾಗಾಗಿ ಹೊಲವೆಲ್ಲ ಎರೆಯಲ್ಲಿ, ಕಾಳೆಲ್ಲ ಊರ ಕೆಳಗೆ. ಪಡಸಾಲೆಯಲ್ಲಿ ಹಗೇವು, ಮನೆಯ ಮುಂದೆ ಓಣಿಯಲ್ಲಿ ಹಗೇವು.

ಸುಗ್ಗಿಯ ನಂತರ ಬುಡಕ್ಕೂ ಸುತ್ತಲಿನ ಗೋಡೆಗೂ ಒಣ ಹುಲ್ಲು, ಹೊಟ್ಟು ಮೆತ್ತುತ್ತ ಬಿಳಿಜೋಳ ತುಂಬುವುದು, ಬಾಯಿಗೆ ಮತ್ತೆ ಹುಲ್ಲು, ಅದರ ಮೇಲೆ ಕಲ್ಲಿನ ಚಪ್ಪಡಿ, ಸಂದಿಗೆ ಮಣ್ಣು. ಗಾಳಿ ಒಳಹೋಗಬಾರದು. ಒಳಗಿನ ಕಾಳೂ ಹುಳವೂ ಉಸಿರಾಡಿ ಉಸಿರಾಡಿ ಇದ್ದ ಆಮ್ಲಜನಕ ಮುಗಿದು ಇಂಗಾಲದ ಡೈಆಕ್ಸೈಡು ತುಂಬಿಕೊಳ್ಳುತ್ತದೆ. ಹುಳ ಸಾಯುತ್ತದೆ, ಕಾಳು ಉಳಿಯುತ್ತದೆ. ಔಷಧಿ ಇಲ್ಲ, ಮಾತ್ರೆ ಇಲ್ಲ. ಗೋಡೆಗೆ ತಾಗಿದ ಒಂದು ಪದರ ಮಾತ್ರ ಮುಗ್ಗು ಹಿಡಿದು ಕರಗಾಗುತ್ತಿತ್ತು, ಅದು ದನಕ್ಕೆ. ನಡುವಿನದು ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಹಗೇದ ಜೋಳದ ರೊಟ್ಟಿಗೆ ಒಂದು ಹುಳಿಮುಗ್ಗಿನ ವಾಸನೆ ಇರುತ್ತದೆ. ಅಪ್ಪನಿಗೆ ಅದೇ ರುಚಿ. ಹೊಸ ಜೋಳದ ರೊಟ್ಟಿ ಸಪ್ಪೆ ಎನ್ನುತ್ತಿದ್ದ.

ನಮ್ಮ ಪಡಸಾಲೆಯಲ್ಲಿ ಎರಡು ಹಗೇವು ಇದ್ದವೆಂದು ನಾನು ತಿಳಿದಿದ್ದೆ. ಒಂದರ ಚಪ್ಪಡಿಯ ಮೇಲೆ ಯಾರೋ ಹಿರಿಯರು ಚೌಕಾಬಾರದ ಮನೆ ಕೊರೆದಿದ್ದರು. ಮಧ್ಯಾಹ್ನವೆಲ್ಲ ಅದರ ಮೇಲೆ ಕವಡೆ ಉರುಳಿಸುತ್ತಿದ್ದೆವು. ಕೆಳಗೆ ಟೊಳ್ಳು ಇದ್ದದ್ದಕ್ಕೆ ಕವಡೆಯ ಸಪ್ಪಳ ಬೇರೆ ಥರ ಬರುತ್ತಿತ್ತು.

ಕಾಳನ್ನು ಕಣಜದಲ್ಲಿ, ಅಟ್ಟದಲ್ಲಿ ಇಡದೆ ಹೀಗೆ ಯಾಕೆ ಹೂತಿಟ್ಟರು? ನರಗುಂದದ ಇತಿಹಾಸ ಗೊತ್ತಿದ್ದವರಿಗೆ ಉತ್ತರ ಕಷ್ಟವಲ್ಲ. 1785ರಲ್ಲಿ ಟಿಪ್ಪುವಿನ ಸೈನ್ಯ ಈ ಕೋಟೆಗೆ ಮುತ್ತಿಗೆ ಹಾಕಿತ್ತು. ಆಮೇಲೆ ಮರಾಠರು, ಆಮೇಲೆ ಕಂಪನಿ. 1858ರ ಮೇ 29ರ ರಾತ್ರಿ ನರಗುಂದದ ಬಾಬಾಸಾಹೇಬ ಭಾಸ್ಕರರಾವ ಭಾವೆ ಸುರೇಬಾನದಲ್ಲಿ ಬ್ರಿಟಿಷ್ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನನ್ನು ಕೊಲ್ಲಿಸಿ, ರುಂಡ ತಂದು ಊರ ಅಗಸೆಗೆ ತೂಗುಹಾಕಿಸಿದ. ದತ್ತಕ ತೆಗೆದುಕೊಳ್ಳಲು ಒಪ್ಪಿಗೆ ಕೊಡದ ಸಿಟ್ಟು ಒಳಗೆ ಕುದಿಯುತ್ತಿತ್ತು. ಕೆಲವೇ ದಿನಗಳಲ್ಲಿ ಇಂಗ್ಲಿಷರ ಸೈನ್ಯ ಊರು ಹಿಡಿಯಿತು, ಜೂನ್ 12ಕ್ಕೆ ಬೆಳಗಾವಿಯಲ್ಲಿ ಬಾಬಾಸಾಹೇಬನನ್ನು ಗಲ್ಲಿಗೇರಿಸಿದರು. ಶಾಲೆಯಲ್ಲಿ ಈ ಕಥೆಯನ್ನು ನಾವು ಎದೆಯುಬ್ಬಿಸಿ ಹೇಳುತ್ತಿದ್ದೆವು. ಆ ಜೂನಿನಲ್ಲಿ ಊರಿನ ಜನ ಏನು ಉಂಡರು ಎಂದು ಯಾವ ಮಾಸ್ತರರೂ ಕೇಳಲಿಲ್ಲ. ಹಗೇವಿನದನ್ನೇ ಉಂಡಿರಬೇಕು. ಸೈನ್ಯಕ್ಕೆ ಕಣಜ ಕಾಣುತ್ತದೆ, ಸಗಣಿ ಸಾರಿಸಿದ ನೆಲದ ಕೆಳಗಿನದು ಕಾಣುವುದಿಲ್ಲ. ಇದಾಗಿ ಇಪ್ಪತ್ತು ವರ್ಷದೊಳಗೆ 1876-78ರ ಬರ. ಧಾರವಾಡ, ವಿಜಯಪುರ ಸೀಮೆಯನ್ನು ಹಿಂಡಿ ಹಾಕಿದ ಬರ ಅದು. ಹಗೇವು ತುಂಬಿದ್ದವನು ಉಳಿದ, ಇಲ್ಲದವನು ಗುಳೆ ಹೋದ. ಉಳಿದವನು ಬರ ಮುಗಿಯುವ ಹೊತ್ತಿಗೆ ಹೋದವನ ಹೊಲದ ಒಡೆಯನೂ ಆಗಿರುತ್ತಿದ್ದ. ನಮ್ಮ ನಲವತ್ತು ಎಕರೆ ಹೇಗೆ ಬಂತು ಎಂಬ ಪ್ರಶ್ನೆಗೆ ಮನೆಯಲ್ಲಿ ಯಾರೂ ನೆಟ್ಟಗೆ ಉತ್ತರ ಕೊಟ್ಟಿದ್ದಿಲ್ಲ.

ಹಗೇವುಗಳನ್ನು ಖಾಲಿ ಮಾಡಿದ್ದು ಸೈನ್ಯವಲ್ಲ, ಬರವೂ ಅಲ್ಲ. ನೀರು. 1970ರ ದಶಕದಲ್ಲಿ ನವಿಲುತೀರ್ಥದ ಅಣೆಕಟ್ಟಿನಿಂದ ಮಲಪ್ರಭೆಯ ಕಾಲುವೆ ಬಂತು. ಬಿಳಿಜೋಳದ ಹೊಲ ಹತ್ತಿ, ಗೋವಿನಜೋಳದ ಹೊಲವಾಯಿತು. ಅವುಗಳನ್ನು ಯಾರೂ ಹೂತಿಡುವುದಿಲ್ಲ, ಮಾರುತ್ತಾರೆ. ನೀರು ಸರಿಯಾಗಿ ಹೊಲ ಮುಟ್ಟುವ ಮೊದಲೇ ಅಭಿವೃದ್ಧಿ ಕರ ಬಂತು, 1980ರ ಜುಲೈ 21ರ ಬಂಡಾಯ ಬಂತು. ತಹಶೀಲ್ದಾರ ಕಚೇರಿಯ ಮುಂದೆ ಸೇರಿದ್ದ ಜನರಲ್ಲಿ ಅಪ್ಪನೂ ಇದ್ದ. ಗೋಲಿಬಾರಿಗೆ ರೈತ ಸತ್ತ, ರೊಚ್ಚಿಗೆದ್ದ ಜನರ ಕೈಯಲ್ಲಿ ಪೊಲೀಸರೂ ಸತ್ತರು. ರಾಜ್ಯದ ರೈತಸಂಘವೇ ಆ ಬೆಂಕಿಯಿಂದ ಬೆಳೆಯಿತು. ಅಪ್ಪ ಆ ದಿನದ ಬಗ್ಗೆ ಹೇಳುತ್ತಿದ್ದದ್ದು ಒಂದೇ: ಓಡಿ ಬಂದು ಹೆಬ್ಬಾಗಿಲು ಹಾಕಿಕೊಂಡು, ಖಾಲಿ ಹಗೇವಿನೊಳಗೆ ಇಬ್ಬರು ಹುಡುಗರನ್ನು ಬಚ್ಚಿಟ್ಟಿದ್ದ. ಆ ಹಗೇವಿನ ಕೊನೆಯ ಉಪಯೋಗ ಅದು.

ಆಮೇಲೆ ರೇಷನ್ ಅಕ್ಕಿ, ಗೋಣಿಚೀಲ, ತಗಡಿನ ಡಬ್ಬಿ. ಹಗೇವಿನ ಬಾಯಿಗೆ ಕಲ್ಲು ಹೇರಿ, ಮಣ್ಣು ಹಾಕಿ, ಮೇಲೆ ಶಹಾಬಾದ ಫರಸಿ ಹಾಸಿದರು. ಊರಲ್ಲಿ ಬಹಳ ಜನ ಮಾಡಿದ್ದು ಇದನ್ನೇ: ಬಾಯಿ ಮುಚ್ಚಿದರು, ಹೊಟ್ಟೆ ತುಂಬಿಸಲಿಲ್ಲ. ಮನೆಗಳು ಪಾಲಾದವು, ಮಾರಾಟವಾದವು, ಓಣಿಯ ಮೇಲೆ ಕಾಂಕ್ರೀಟು ಬಿತ್ತು. ಎಲ್ಲಿ ಎಷ್ಟು ಹಗೇವು ಎಂಬುದು ಗೊತ್ತಿದ್ದ ಮುದುಕರು ಒಬ್ಬೊಬ್ಬರಾಗಿ ಹೋದರು. ಅಂತರ್ಜಲ ಮಾತ್ರ ಸದ್ದಿಲ್ಲದೆ ಮೇಲೇರುತ್ತ ಬಂತು. 2019-20ರಲ್ಲಿ ನರಗುಂದದ ಹಳೆಯ ಓಣಿಗಳಲ್ಲಿ ನೆಲ ಕುಸಿಯತೊಡಗಿತು. ಅಂಗಳದಲ್ಲಿ, ಅಡಿಗೆಮನೆಯಲ್ಲಿ, ರಸ್ತೆಯ ನಡುವೆ ಇದ್ದಕ್ಕಿದ್ದಂತೆ ಬಾವಿ. ಟೀವಿಯವರು ಬಂದರು, ಭೂಗರ್ಭ ತಜ್ಞರೂ ಬಂದರು. ತಜ್ಞರು ಬೊಟ್ಟು ಮಾಡಿದ್ದು ಎರಡರ ಕಡೆ, ಹಳೆಯ ಹಗೇವು ಮತ್ತು ಏರಿದ ಅಂತರ್ಜಲ. ಯಾವ ನೀರಿಗೆ ಕರ ಕೊಡುವುದಿಲ್ಲವೆಂದು ಅಪ್ಪನ ಕಾಲದವರು ಗುಂಡಿಗೆ ಎದೆ ಕೊಟ್ಟರೋ ಆ ನೀರು ನಲವತ್ತು ವರ್ಷದ ಮೇಲೆ ಅವರ ಪಡಸಾಲೆಯ ಕೆಳಗೆ ಬಂದು ನಿಂತಿತೇ ಎಂದು ನನಗನ್ನಿಸಿತು.

ರಜೆ ಹಾಕಿ ಹೊರಟೆ. ನಾಗಪುರದಿಂದ ಸೊಲ್ಲಾಪುರಕ್ಕೆ ರೈಲು, ಅಲ್ಲಿಂದ ಹುಬ್ಬಳ್ಳಿ ಬಸ್ಸು, ವಿಜಯಪುರ ದಾಟಿ ಕೃಷ್ಣೆ ದಾಟಿ ಬೆಳಗಿನ ಜಾವ ನರಗುಂದ. ಪಡಸಾಲೆಯ ಈಶಾನ್ಯದ ಕಂಬದ ಪಕ್ಕ ನಾಲ್ಕಡಿ ಅಗಲದ ಕುಳಿ ಬಿದ್ದಿತ್ತು. ಟಾರ್ಚು ಬಿಟ್ಟರೆ ತಳದಲ್ಲಿ ಕಪ್ಪು ನೀರು ಮಿನುಗಿತು. ಕಂಬದ ಕೆಳಗಿನ ಅಡಿಗಲ್ಲು ಅರ್ಧ ಗಾಳಿಯಲ್ಲಿತ್ತು. ಒಂದು ಕಂಬ ಹೋದರೆ ತೊಲೆ, ತೊಲೆ ಹೋದರೆ ಮಾಳಿಗೆಯ ಅಷ್ಟೂ ಮಣ್ಣು. ಅವ್ವ ಅದರಿಂದ ಎಂಟು ಹೆಜ್ಜೆ ದೂರದಲ್ಲಿ ಎಂದಿನಂತೆ ಚಾಪೆ ಹಾಸಿಕೊಂಡು ಮಲಗುತ್ತಿದ್ದಳು.

ನನಗೆ ಗೊತ್ತಿದ್ದ ಎರಡು ಹಗೇವುಗಳಲ್ಲಿ ಇದು ಯಾವುದೂ ಅಲ್ಲ. ಅವೆರಡೂ ಪಶ್ಚಿಮದ ಗೋಡೆಯ ಕಡೆ ಇದ್ದವು, ಚೌಕಾಬಾರದ ಕಲ್ಲು ಇದ್ದಲ್ಲೇ ಇತ್ತು.

"ಇದು ಮೂರನೇದು" ಎಂದಳು ಅವ್ವ. "ನಾ ಈ ಮನಿಗೆ ಬರೂದಕ್ಕಿಂತ ಮೊದಲs ಮುಚ್ಚಿದ್ರು. ಅದನ್ನ ಯಾರೂ ತಗೀತಿರಲಿಲ್ಲ."

ಅಜ್ಜಿ ಪ್ರತಿ ಅಮಾವಾಸ್ಯೆ ಆ ಕಂಬದ ಬುಡಕ್ಕೆ ಒಂದು ದೀಪ ಇಡುತ್ತಿದ್ದಳು. ಕಂಬದೊಳಗೆ ಯಾವುದೋ ದೇವರಿದೆ ಎಂದು ನಾವು ಮಕ್ಕಳು ಅದನ್ನು ಮುಟ್ಟುತ್ತಿರಲಿಲ್ಲ. ಅಜ್ಜಿ ಹೋದ ಮೇಲೆ ದೀಪವೂ ನಿಂತಿತು. ಯಾಕೆ ಇಡುತ್ತಿದ್ದಳು ಎಂದು ಕೇಳಿದ್ದಕ್ಕೆ ಅವ್ವ ಒಲೆಯ ಮುಂದೆ ಕೂತು ಹೇಳಿದಳು. ನನ್ನ ಕಡೆ ನೋಡಲಿಲ್ಲ.

ಹಗೇವು ತೆಗೆದ ಕೂಡಲೇ ಇಳಿಯುವ ಹಾಗಿಲ್ಲ. ಬಾಯಿ ತೆರೆದು ಒಂದು ರಾತ್ರಿ ಬಿಡಬೇಕು. ಮರುದಿನ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡಬೇಕು. ದೀಪ ಉರಿದರೆ ಮನುಷ್ಯ ಇಳಿಯಬಹುದು, ಆರಿದರೆ ಇಳಿಯಬಾರದು. ಇದು ಎಲ್ಲರಿಗೂ ಗೊತ್ತಿದ್ದ ರೂಢಿ. ಇಳಿಯುವವರು ಮನೆಯವರಲ್ಲ, ಆಳು. ಮುತ್ತಜ್ಜನ ಕಾಲಕ್ಕೆ ಮನೆಯಲ್ಲೊಂದು ಮದುವೆ ಬಂತು, ಬೀಸಲಿಕ್ಕೆ ಕಾಳು ಬೇಕಾಗಿತ್ತು, ಹೆಂಗಸರು ಬೀಸುಕಲ್ಲಿನ ಮುಂದೆ ಕಾಯುತ್ತಿದ್ದರು. ಹಗೇವು ಬೆಳಿಗ್ಗೆ ತೆಗೆದರು, ಮಧ್ಯಾಹ್ನವೇ ಆಳನ್ನು ಇಳಿಸಿದರು. ಕಂದೀಲು ಬಿಡಲಿಲ್ಲ. ಮೊದಲ ಬುಟ್ಟಿ ಮೇಲೆ ಬಂತು. ಎರಡನೆಯದಕ್ಕೆ ಹಗ್ಗ ಜಗ್ಗಲಿಲ್ಲ.

"ಮದುವಿ?"

"ಆತು."

"ಅವರ ಮನಿಯವರಿಗೆ?"

"ಎರಡು ಚೀಲ ಜೋಳ ಕೊಟ್ರಂತ." ಸ್ವಲ್ಪ ಹೊತ್ತು ಬಿಟ್ಟು, "ಆ ಹಗೇದ್ದs" ಎಂದಳು.

ನನ್ನ ಕೆಲಸದಲ್ಲಿ ಬೂದಿಯ ಸೈಲೋದೊಳಗೆ ಮನುಷ್ಯನನ್ನು ಇಳಿಸುವ ಮೊದಲು ಪರವಾನಗಿ ಕಾಗದ ತುಂಬಬೇಕು. ಮೀಟರು ಬಿಟ್ಟು ನೋಡಬೇಕು, ಆಮ್ಲಜನಕ ಶೇಕಡಾ 19.5ಕ್ಕಿಂತ ಕಡಿಮೆ ಇದ್ದರೆ ಇಳಿಸುವ ಹಾಗಿಲ್ಲ. ಹೊರಗೆ ಒಬ್ಬ ಹಗ್ಗ ಹಿಡಿದು ನಿಂತಿರಬೇಕು, ಒಳಗಿದ್ದವನ ಹೆಸರು ಬರೆದಿರಬೇಕು. ಆ ಕಾಗದದ ಮೇಲೆ ಎಷ್ಟೋ ಸಲ ಸಹಿ ಹಾಕಿದ್ದೇನೆ; ಅವಸರದಲ್ಲಿ ಮೀಟರಿನ ಅಂಕಿಯನ್ನು ನೋಡದೆಯೂ ಹಾಕಿದ್ದೇನೆ. ಆ ಒಲೆಯ ಮುಂದೆ ಕೂತಾಗ ನೆನಪಾದದ್ದು ಇದು.

ಅವನ ಹೆಸರೇನಿತ್ತು ಎಂದು ಕೇಳಿದೆ. ಅವ್ವನಿಗೆ ಗೊತ್ತಿರಲಿಲ್ಲ. ಅತ್ತೆಗೆ ಗೊತ್ತಿತ್ತು, ಅವಳು ಹೇಳುತ್ತಿರಲಿಲ್ಲ ಎಂದಳು.

ತಮ್ಮ ಬಂದ. ಅವನ ಲೆಕ್ಕ ನೇರ: ಮನೆ ಬೀಳಿಸೋಣ, ಪಿಲ್ಲರ್ ಎಬ್ಬಿಸಿ ಎರಡಂತಸ್ತು ಕಟ್ಟೋಣ, ಕೆಳಗೆ ಎರಡು ಅಂಗಡಿ. ಕಂಬಗಳಿಗೆ ಒಳ್ಳೆಯ ರೇಟು ಇದೆ, ಬೆಂಗಳೂರಿನ ರೆಸಾರ್ಟಿನವರು ಹಳೆಯ ಬೋದಿಗೆ ಕೊಳ್ಳುತ್ತಾರೆ. ನಾನು ಮನೆ ಉಳಿಸುವ ಪಕ್ಷ. ಆದರೆ ನೂರಾರು ಮೈಲಿ ದೂರ ಕೂತು ಉಳಿಸು ಎನ್ನುವವನು ನಾನು, ಕರಲು ಹೊರಿಸುವವನು ಅವನು. ಅದನ್ನು ಅವನು ನೆನಪಿಸಿದ, ತಪ್ಪೇನಿಲ್ಲ. ಊರಿಗೆ ವರ್ಷಕ್ಕೊಮ್ಮೆ ಬರುವ ನಮ್ಮಂಥವರಿಗೆ ಹಳೆಯ ಮನೆಯ ಮೇಲಿನ ಪ್ರೀತಿ ಸಲೀಸು, ಫೋಟೋದಲ್ಲಿ ಸೋರುವುದಿಲ್ಲ.

ಯಾವುದಕ್ಕೂ ಮೊದಲು ಕುಳಿ ತುಂಬಬೇಕಿತ್ತು. ಬೂದಿಯನ್ನು ಸಿಮೆಂಟಿನ ಜೊತೆ ನೀರಾಗಿ ಕಲಸಿ ಸುರಿದರೆ ಮೂಲೆಮೂಲೆಗೂ ಹರಿದು ಗಟ್ಟಿಯಾಗುತ್ತದೆ ಎಂದು ನನ್ನ ವಿದ್ಯೆ ಹೇಳಿದೆ. ಗೌಂಡಿ ನಕ್ಕ. ನಾಗಪುರದಿಂದ ಬೂದಿ ತರಿಸುತ್ತೀರೇನು ಎಂದ. ಕೊನೆಗೆ ಊರಿನ ಗೊರಚೇ. ಕಂಬಕ್ಕೆ ಎರಡು ಊರುಗೋಲು ಕೊಟ್ಟು, ಪಂಪು ಹಚ್ಚಿ ನೀರು ತೆಗೆದೆವು. ತೆಗೆದಷ್ಟೂ ಮತ್ತೆ ಒಸರುತ್ತಿತ್ತು. ಗೌಂಡಿಯ ಜೊತೆಯ ಹುಡುಗನೊಬ್ಬ ತಳ ನೋಡಿ ಬರುತ್ತೇನೆಂದು ಪ್ಯಾಂಟು ಮಡಚಿಕೊಂಡ. ಬೇಡ ಎಂದೆ. ಬಾಯಿ ತೆರೆದೇ ಇದೆಯಲ್ಲ, ಗಾಳಿ ಆಡುತ್ತದೆ ಎಂದ. ಆದರೂ ಬೇಡ ಎಂದೆ, ದನಿ ಜೋರಾಯಿತು. ಹುಡುಗ ಪೆಚ್ಚಾಗಿ ಕಟ್ಟೆಯ ಮೇಲೆ ಹೋಗಿ ಕೂತ. ನಂತರ ಅವ್ವ ಒಳಗಿನಿಂದ ಕಂದೀಲು ತಂದಳು. ಗಾಜು ಒರೆಸಿ, ಎಣ್ಣೆ ಹಾಕಿ, ಹಗ್ಗ ಕಟ್ಟಿ ಅವಳೇ ಇಳಿಬಿಟ್ಟಳು. ಅದು ಉರಿಯುತ್ತಲೇ ಇತ್ತು. ಹಾಗಿದ್ದೂ ಯಾರನ್ನೂ ಇಳಿಸಲಿಲ್ಲ, ಮೇಲಿನಿಂದಲೇ ಗೊರಚು ಸುರಿದೆವು.

ನಾನು ಇದ್ದಷ್ಟು ದಿನದಲ್ಲಿ ನಾಲ್ಕು ಟ್ರ್ಯಾಕ್ಟರು ಹಿಡಿಯಿತು. ಮೇಲೆ ನೀರು ಹಾಕಿ ಬಡಿದು, ಅಡಿಗಲ್ಲಿನ ಕೆಳಗೆ ಹೊಸ ಕಲ್ಲು ಕೊಟ್ಟು ಬಂದೆ. ಮನೆ ಬೀಳಿಸುವ ಮಾತು ದೀಪಾವಳಿಗೆ, ದೀಪಾವಳಿಯಿಂದ ಯುಗಾದಿಗೆ ಹೋಯಿತು. ಅಷ್ಟರಲ್ಲಿ ಕೊರೋನಾ ಬಂದು ಎಲ್ಲರ ಲೆಕ್ಕವೂ ನಿಂತಿತು. ಆ ಎರಡು ವರ್ಷ ತಮ್ಮನ ಮಕ್ಕಳು ಹುಬ್ಬಳ್ಳಿಯ ಫ್ಲ್ಯಾಟು ಬಿಟ್ಟು ಈ ಪಡಸಾಲೆಯಲ್ಲೇ ಆನ್‌ಲೈನ್ ಪಾಠ ಕೇಳಿದರು, ಚೌಕಾಬಾರ ಕಲಿತರು. ಮನೆ ಇನ್ನೂ ನಿಂತಿದೆ.

ಈ ವರ್ಷ ಜೂನಿನಲ್ಲಿ ಅವ್ವ ಫೋನು ಮಾಡಿದಳು. ಕರಲು ಹಾಕಿಸಿದೆ, ಚಕ್ಕಡಿ ಸಿಗಲಿಲ್ಲ, ಟಂಟಂ ಗಾಡಿಯಲ್ಲಿ ತರಿಸಿದೆ ಎಂದಳು. ಕಂಬದ ಹತ್ತಿರ ಹೇಗಿದೆ ಎಂದು ಕೇಳಿದೆ.

"ಮತ್ತ ನಾಕು ಬಟ್ಟು ಕುಂತೈತಿ. ಇನ್ನೊಂದು ಟ್ರ್ಯಾಕ್ಟರ್ ಬೇಕಾಕ್ಕತಿ."

ಹಾಕಿಸು, ದುಡ್ಡು ಕಳಿಸುತ್ತೇನೆ ಎಂದೆ. ಅವಳು ಫೋನು ಇಡಲಿಲ್ಲ. ಅಮಾವಾಸ್ಯೆಗೆ ದೀಪ ಇಡಲಿಕ್ಕೆ ಶುರು ಮಾಡಿದ್ದೇನೆ ಎಂದಳು. ಆಮೇಲೆ, ಸಂತೆಯಲ್ಲಿ ಕೇಳಿದೆ, ಆ ಮನೆತನದವರು ಇದೇ ಊರಲ್ಲಿ ಇದ್ದಾರಂತೆ, ಬಸ್ ನಿಲ್ದಾಣದ ಆಚೆ, ನೀನು ಬಂದಾಗ ಹೋಗಿ ಬರೋಣ ಎಂದಳು. ಪಾಳಿಯ ಹೊತ್ತಾಗಿತ್ತು. ಹೂಂ ಎಂದು ಬೂಟಿನ ದಾರ ಕಟ್ಟಿಕೊಂಡೆ.